ಗೋಧಿ ಬಣ್ಣದ ಬಂಡೆ

ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಸುತ್ತುತ್ತಿರುವ ಒಂದು ಬಂಡೆಯು ಕಪ್ಪಗಿದೆಯೆಂಬುದು ದೆಹಲಿಯ ಆಕಾಶಕಾಯ ನಾಮಕರಣ ಕಚೇರಿಯ ಗಮನಕ್ಕೆ ಬಂದಿದ್ದು, ಈ ಬಗ್ಗೆ ಕಚೇರಿಯು ತೀವ್ರ ವಿಷಾದ ವ್ಯಕ್ತಪಡಿಸಿತು.

ಬಂಡೆಯನ್ನು ಕಂಡುಹಿಡಿದವರು ಆರ್.ಕೆ.ಪುರಂ ಕ್ವಾರ್ಟರ್ಸಿನ ವಿಜ್ಞಾನಿ ರತ್ನಪ್ರಭಾ. ತಮ್ಮನ್ನು ಸಾಕಿ ಓದಿಸಿದ ದೊಡ್ಡಮ್ಮ ದೇವಕಿಯವರ ಹೆಸರನ್ನು ಅದಕ್ಕಿಡಬೇಕೆಂಬುದು ಅವರ ಆಸೆ. ದೇವಕಿಯವರೂ ಕಪ್ಪು. ಆ ಕಾರಣಕ್ಕೆ ಅವರಿಗೆ ಮದುವೆಯಾಗಲಿಲ್ಲ. ಆ ಕಾರಣಕ್ಕೇ ರತ್ನಪ್ರಭಾಗೆ ದೊಡ್ಡಮ್ಮ ಪೂರ್ತಿಯಾಗಿ ಸಿಕ್ಕಿದರು.

ಕಚೇರಿಯ ಮುಖ್ಯಾಧಿಕಾರಿ ದಕ್ಷಿಣಾಮೂರ್ತಿಯವರು ರತ್ನಪ್ರಭಾರನ್ನು ಕರೆಸಿಕೊಂಡರು.

"ನೋಡಮ್ಮ, ದೇಶದ ಹೆಸರು ಹೊತ್ತು ಹೊರಗಡೆ ಓಡಾಡೋ ವಸ್ತು. ಸ್ವಲ್ಪ ಬೆಳ್ಳಗಿರೋದು ಸಿಗಲಿಲ್ವಾ?"

"ಅದರ ಮೇಲೆ ಬಿದ್ದ ಬೆಳಕನ್ನ ಅದು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುತ್ತೆ ಸರ್. ಅದೇ ಅದರ ವಿಶೇಷ."

"ಅಚ್ಛಾ. ಅದನ್ನ ಹೊರಗೆಲ್ಲೂ ಹೇಳಬೇಡಿ."

ನಿಯಮದಂತೆ ವರ್ಣ ಪರಿಶೀಲನಾ ಸಮಿತಿ ರಚನೆಯಾಯಿತು. ಬಂಡೆಯವರೆಗೆ ವಾಹನ ಸೌಲಭ್ಯವಿಲ್ಲದ ಕಾರಣ ಸಮಿತಿಯು ಒಂದು ಭಾನುವಾರ ರತ್ನಪ್ರಭಾರ ಮನೆಗೇ ದಯಮಾಡಿಸಿತು. ದೇವಕಿಯವರು ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಸದಸ್ಯರು ಅದನ್ನು ಮುಗಿಸಿ, ಕೈ ಒರೆಸಿಕೊಂಡು, ಲ್ಯಾಪ್‌ಟಾಪನ್ನು ಹೊರಗೆ ಕರೆಸಿದರು. ಪರದೆಯ ಮೇಲೆ ಒಂದು ಮಸುಕು ಚುಕ್ಕೆಯಿತ್ತು.

"ಕಪ್ಪಾದ್ರೂ ಲಕ್ಷಣವಾಗಿದೆ," ಎಂದರು ಸದಸ್ಯೆ ಚಂದ್ರಪ್ರಭಾ.

"ಮಂಗಳನ ಪಕ್ಕದಲ್ಲೇ ಇದೆಯಲ್ಲ, ಕುಜದೋಷ?" ಎಂದು ಇನ್ನೊಬ್ಬ ಸದಸ್ಯ ಬಸಪ್ಪ ಆಕ್ಷೇಪಿಸಿದರು.

"ಆ ಕಡೆಗೆ ಗುರು ಇದ್ದಾನಲ್ಲ. ಗುರುಬಲ ಚೆನ್ನಾಗಿದೆ," ಎಂದು ದಕ್ಷಿಣಾಮೂರ್ತಿಯವರು ಆಕ್ಷೇಪಣೆಯನ್ನು ವಿಲೇವಾರಿ ಮಾಡಿದರು. ಹೊರಡುವಾಗ, "ಹೋಗಿ ತಿಳಿಸ್ತೀವಿ," ಎಂದರು.

ದೇವಕಿಯವರು ಬಾಗಿಲು ಹಾಕಿ ಬಂದು ತಟ್ಟೆಗಳನ್ನು ಎತ್ತತೊಡಗಿದರು. "ತಿಳಿಸಲ್ಲ ಬಿಡೇ. ಈ ಮಾತು ನಾನು ಬೇಕಾದಷ್ಟು ಸಲ ಕೇಳಿದ್ದೀನಿ. ನಿಮ್ಮಮ್ಮನ ಹೆಸರಿಡು, ಅವಳು ಬೆಳ್ಳಗಿದ್ಲು."

"ಇಟ್ರೆ ನಿನ್ನ ಹೆಸರೇ ದೊಡ್ಡಮ್ಮ. ಇಲ್ದಿದ್ರೆ ಅದು ಹೆಸರಿಲ್ದೇನೇ ತಿರುಗಲಿ."

ಆದರೆ ಕಚೇರಿ ತಿಳಿಸಿತು. ಪ್ರಕಟಣೆ ಹೀಗಿತ್ತು: 'ಸದರಿ ಬಂಡೆಗೆ ದೇವಕಿ ಎಂಬ ಹೆಸರನ್ನು ಮಂಜೂರು ಮಾಡಿದೆ. ಬಂಡೆಯ ಬಣ್ಣವನ್ನು ಇನ್ನು ಮುಂದೆ ಗೋಧಿ ಬಣ್ಣವೆಂದು ಪರಿಗಣಿಸತಕ್ಕದ್ದು. ಬೇರೆ ಬಣ್ಣ ಕಂಡುಬಂದಲ್ಲಿ ದೂರದರ್ಶಕವನ್ನು ದುರಸ್ತಿಗೆ ಕಳಿಸತಕ್ಕದ್ದು.'

"ಸರ್, ಇದು ಸುಳ್ಳಲ್ವಾ?" ಎಂದು ರತ್ನಪ್ರಭಾ ಕೇಳಿದರು.

"ಸುಳ್ಳಲ್ಲಮ್ಮ, ಆದೇಶ."

ಅಷ್ಟರಲ್ಲಿ ದೇವಕಿಯವರು ಅಕ್ಕಪಕ್ಕದ ಮನೆಗಳಿಗೆಲ್ಲ ಸುದ್ದಿ ಹೇಳಿ, ರೇಷ್ಮೆ ಸೀರೆಯನ್ನು ಇಸ್ತ್ರಿಗೆ ಕೊಟ್ಟಾಗಿತ್ತು. ರತ್ನಪ್ರಭಾ ಆದೇಶವನ್ನು ಒಪ್ಪಿ ಸಹಿ ಹಾಕಿದರು.

ನಾಮಕರಣ ಸಮಾರಂಭದಲ್ಲಿ ಬಂಡೆಯ ಚಿತ್ರವು ಹದವಾಗಿ ಬೆಂದ ಚಪಾತಿಯಂತೆ ಹೊಳೆಯಿತು. ಮುಖ್ಯ ಅತಿಥಿ ದೇವಕಿಯವರಿಗೆ ಅವರದೇ ಭಾವಚಿತ್ರವನ್ನು ಚೌಕಟ್ಟು ಹಾಕಿಸಿ ಅರ್ಪಿಸಲಾಯಿತು. ಕಚೇರಿಯ ಛಾಯಾಗ್ರಾಹಕರು ಅದನ್ನೂ ಆದೇಶಕ್ಕೆ ಅನುಗುಣವಾಗಿ ತಿದ್ದಿದ್ದರು.

ದೇವಕಿಯವರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಯಾರಿದು?"

"ನೀವೇ," ಎಂದು ದಕ್ಷಿಣಾಮೂರ್ತಿಯವರು ಮೈಕಿನಲ್ಲಿ ದೃಢೀಕರಿಸಿದರು.

ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತಾವೊಬ್ಬರೇ ಸುಮ್ಮನಿರುವುದು ಚೆನ್ನಾಗಿರುವುದಿಲ್ಲವೆಂದು ದೇವಕಿಯವರು ಚಿತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಅಪರಿಚಿತ ಹೆಂಗಸಿಗಾಗಿ ತಾವೂ ತಟ್ಟಿದರು.