ಹರಿಹರದ ಬಸ್ಸು, ಮಾವನ ಟವೆಲು

ನನ್ನ ಸೋದರಮಾವನಿಗೆ ಅರ್ಧ ದಾವಣಗೆರೆ ಗೊತ್ತು, ಆದರೆ ಮುಖದಿಂದಲ್ಲ! ಜೀವಮಾನವಿಡೀ ಲ್ಯಾಬಿನಲ್ಲಿ ಮಲಪರೀಕ್ಷೆ ಮಾಡಿ ನಿವೃತ್ತರಾದವರು. ಕೆ.ಬಿ. ಬಡಾವಣೆಯ ಗಣ್ಯರು ಅವರನ್ನು ಕಂಡೊಡನೆ ರಸ್ತೆ ದಾಟುತ್ತಾರೆ.

ಒಮ್ಮೆ ಹರಿಹರದ ಬಸ್ಸು ನಿಲ್ಲುವ ಮೊದಲೇ ಮಾವ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದರು. ಹತ್ತಿ ನೋಡಿದರೆ ಟವೆಲಿನ ಮೇಲೊಬ್ಬ ದಪ್ಪ ಮನುಷ್ಯ! ಮಾವ ಮೊಣಕೈಯಿಂದ ತಿವಿದು ಎಬ್ಬಿಸಿ, ಅವನಿಗೇ ಪಾಠ ಶುರುಮಾಡಿದರು.

“ಸಿಟ್ಟಾಗಬ್ಯಾಡ್ರಿ. ನಿಮ್ಮ ಕರುಳೂ ಹಿಂಗೇ ಐತೆ. ಒಳಗಿನ ಹಳೇ ಬ್ಯಾಕ್ಟೀರಿಯಾ ಸೀಟು ಹಿಡಿದು ಕೂತಾವೆ, ಕಾಯಿಲೆ ತರೋವಕ್ಕೆ ಜಾಗ ಬಿಡಂಗಿಲ್ಲ. ಎಷ್ಟೋ ಬ್ಯಾಕ್ಟೀರಿಯಾ ಮೈಯಾಗೆ ಸೂಜಿ ಇಟ್ಕೊಂಡಾವೆ. ಪಕ್ಕದೋನು ಒತ್ತಿದ್ರೆ ಚುಚ್ಚಿ ವಿಷ ಬಿಡೋದೇ!”

“ಮತ್ತ ಕಾಯಿಲೆ ಹೆಂಗ್ರಿ ಬರ್ತೈತೆ?”

“ಕೆಟ್ಟವುಕ್ಕೂ ಸೂಜಿ ಐತಲ್ರಿ! ಹಳಬರನ್ನೂ ಚುಚ್ತಾವೆ, ಕರುಳಿನ ಗೋಡೆಗೂ ಚುಚ್ತಾವೆ. ನೀವು ಸುಮ್ಸುಮ್ನೆ ಆಂಟಿಬಯಾಟಿಕ್ ನುಂಗಿ ಹಳಬರನ್ನ ಸಾಯಿಸಿದ್ರೆ ಸೀಟೆಲ್ಲ ಖಾಲಿ. ಕಳ್ಳರು ಹತ್ತಿ ಕೂಡ್ತಾರೆ.”

“ಅದಿರ್ಲಿ, ನನ್ನ ಯಾಕ ಚುಚ್ಚಿದ್ರಿ?”

ಇಡೀ ಬಸ್ಸು ನಕ್ಕಿತು. ಅಥವಾ ಇಬ್ಬರು ನಕ್ಕಿರಬಹುದು. ನನ್ನ ನೆನಪಿಗೆ ಬಸ್ಸು ತುಂಬಿಸುವ ಚಟವಿದೆ.

ಪ್ರತಿ ಸಂಜೆ ಮಾವ ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡು ಔಷಧದಂಗಡಿಯ ಮುಂದೆ ಕಾವಲು ಕೂರುತ್ತಿದ್ದರು. ಡಾಕ್ಟರ ಚೀಟಿಯಿಲ್ಲದೆ “ಹೊಟ್ಟೆಗೆ ಎಲ್ಡು ಗುಳಿಗಿ ಕೊಡ್ರಿ” ಎಂದವರ ಕೈ ಹಿಡಿದು ತಡೆಯುವುದು! ಅಂಗಡಿಯವನು ಕೈಮುಗಿದ: “ಸಾಹೇಬ್ರ, ದಿನಾ ಮಿರ್ಚಿ ನಾನೇ ಕೊಡಿಸ್ತೀನಿ, ಬ್ಯಾರೆ ಅಂಗಡಿ ಮುಂದೆ ಕೂಡ್ರಿ!”

ಇಂಥ ಮಾವ ಕಳೆದ ವರ್ಷ ಅದೇ ಅಂಗಡಿಗೆ ಚೀಟಿಯಿಲ್ಲದೆ ಹೋಗಿ ಆಂಟಿಬಯಾಟಿಕ್ ತಂದರು. ಹರಿಹರದಲ್ಲಿರುವ ನನ್ನ ಅವ್ವನಿಗೆ, ಅಂದರೆ ಅವರ ಅಕ್ಕನಿಗೆ, ಹಲ್ಲುನೋವು. ಯಾಕೆ ಮಾವ ಎಂದರೆ, “ಅಕ್ಕ ಅಳಾಕತ್ತಿದ್ಲು ಕಣೋ.” ಅಷ್ಟೇ ಶಾಸ್ತ್ರ!

ಹಲ್ಲು ಸುಮ್ಮನಾಯಿತು, ಭೇದಿ ಹತ್ತಿತು. ಆಸ್ಪತ್ರೆಗೆ ಸೇರಿಸಿದ ಮರುದಿನ ಅವ್ವನಿಗೆ ಪ್ರಜ್ಞೆ ತಪ್ಪಿತು. ತೀವ್ರ ನಿಗಾ ಘಟಕಕ್ಕೆ ಒಯ್ದರು. ವಾರ್ಡಿನ ನರ್ಸು, “ಈ ಬೆಡ್ ಖಾಲಿ ಮಾಡ್ರಿ, ಬ್ಯಾರೆ ಪೇಷೆಂಟ್ ಬರ್ತಾರೆ” ಎಂದಳು.

ಪಾಠ ಬರುತ್ತದೆಂದು ಕಾದೆ. ಬರಲಿಲ್ಲ. ಮಾವ ಹೆಗಲ ಟವೆಲು ತೆಗೆದು ಮಂಚದ ಮೇಲೆ ಹಾಸಿದರು.

“ಖಾಲಿ ಇಲ್ಲವ್ವಾ. ಆಳು ಐತೆ.”

ನರ್ಸು ಅವರ ಮುಖ ನೋಡಿ ಪಕ್ಕದ ಮಂಚದ ಕಡೆ ಹೋದಳು. ಅವ್ವ ಆ ಮಂಚಕ್ಕೆ ಮರಳಿದ್ದು ಮಾರನೆಯ ಮಧ್ಯಾಹ್ನವೋ, ಅದರ ಮಾರನೆಯದೋ, ನನ್ನನ್ನು ಕೇಳಬೇಡಿ. ಅಲ್ಲಿಯವರೆಗೆ ಸೀಟು ಹಿಡಿದ ಮಾವ ಟವೆಲಿನ ಪಕ್ಕ ನಿಂತೇ ಇದ್ದರು.