ಅತ್ತೆಗೊಂದು ಬಟ್ಟಲು ಸೂಪು

ಬೆಳಗ್ಗೆ ಏಳು ಗಂಟೆಗೆ ಅತ್ತೆ ಸೀನಿದರು. ಒಂದೆರಡು ಸೀನಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹನ್ನೊಂದು ಸೀನಿದರು. ಹನ್ನೊಂದನೆಯದಕ್ಕೆ ತೊಟ್ಟಿಲಲ್ಲಿದ್ದ ಅವಳಿ ಮಕ್ಕಳು ಬೆಚ್ಚಿಬಿದ್ದು ಎರಡು ಬೇರೆ ಬೇರೆ ಶ್ರುತಿಯಲ್ಲಿ ಅಳತೊಡಗಿದವು. ಹಲ್ಲುಜ್ಜುತ್ತಿದ್ದ ಅಳಿಯ ಕನ್ನಡಕಪ್ಪ ಬ್ರಷ್ ಹಿಡಿದೇ ಓಡಿಬಂದ.

ಕನ್ನಡಕಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂಲೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಗಾಜಿನ ಪವರು ಕಾಲು ಪಾಯಿಂಟು ಹೆಚ್ಚುಕಮ್ಮಿಯಾದರೂ ಹಿಡಿದುಬಿಡುತ್ತಿದ್ದ. ಆದರೆ ಅಡುಗೆಮನೆಯ ವಿಷಯದಲ್ಲಿ ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಅಡುಗೆ ಆಯಿತೇ ಎಂದು ಕೇಳುವುದು.

ಅತ್ತೆ ಬಂದದ್ದು ಹದಿನೈದು ದಿನಕ್ಕೆಂದು. ಇದ್ದದ್ದು ಐದು ತಿಂಗಳು. ಅವಳಿ ಮಕ್ಕಳು ಹುಟ್ಟಿದ ಮೊದಲ ವಾರ ಕನ್ನಡಕಪ್ಪ ನಿಂತಲ್ಲೇ ನಿದ್ದೆ ಮಾಡುತ್ತಿದ್ದ. ಒಂದು ದಿನ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋಗಿದ್ದ. ಅಂದು ಸಂಜೆ ಅತ್ತೆ ಒಂದು ಚೀಲ ಹಿಡಿದು ಬಂದರು, ಮನೆಯನ್ನೊಮ್ಮೆ ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಅಳಿಯಂದ್ರೇ, ನೀವು ಹೋಗಿ ಮಲಕ್ಕೊಳ್ಳಿ" ಎಂದರು. ಅವನು ಹದಿನಾಲ್ಕು ಗಂಟೆ ಮಲಗಿದ. ಎದ್ದಾಗ ಮನೆ ಗುಡಿಸಿತ್ತು, ಬಟ್ಟೆ ಒಗೆದಿತ್ತು, ಮಕ್ಕಳ ಹೊಟ್ಟೆ ತುಂಬಿತ್ತು, ಹೆಂಡತಿ ನಗುತ್ತಿದ್ದಳು. ಅಂದಿನಿಂದ ಅಂಗಡಿಯಲ್ಲಿ ಬೇರೆಯವರು ತಮ್ಮ ತಮ್ಮ ಅತ್ತೆಯರನ್ನು ಬಯ್ಯುವಾಗ ಇವನು ಮಾತ್ರ, "ನಮ್ಮತ್ತೆ ದೇವರು ಕಣ್ರಯ್ಯಾ" ಎನ್ನುತ್ತಿದ್ದ. ಅವರು ಇವನತ್ತ ಮರುಕದಿಂದ ನೋಡುತ್ತಿದ್ದರು.

ಈಗ ಆ ದೇವರಿಗೇ ನೆಗಡಿ. ಅದೂ ನಡುಚಳಿಗಾಲದಲ್ಲಿ.

"ಮಕ್ಕಳಿಗೆ ಅಂಟುತ್ತೆ, ಯಾರೂ ಒಳಗೆ ಬರಬೇಡಿ" ಎಂದು ಅತ್ತೆ ಮಫ್ಲರ್ ಸುತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡರು. ಹೆಂಡತಿ ಆಸ್ಪತ್ರೆಯ ಲ್ಯಾಬಿಗೆ ಹೊರಟಿದ್ದಳು. ಕೆಲಸಕ್ಕೆ ಮರಳಿ ಹತ್ತು ದಿನವಾಗಿತ್ತು, ಆಗಲೇ ರಜೆ ಕೇಳುವಂತಿರಲಿಲ್ಲ.

"ಅಂಗಡಿಗೆ ನಾನು ರಜಾ ಹಾಕ್ತೀನಿ, ನೀನು ಹೋಗು" ಎಂದ ಕನ್ನಡಕಪ್ಪ, ಯುದ್ಧಕ್ಕೆ ಹೊರಟವನಂತೆ. "ಅತ್ತೆಗೆ ಊಟಕ್ಕೇನು ಕೊಡ್ಲಿ?"

"ಚಿಕನ್ ಸೂಪ್ ಮಾಡಿ. ಹಗುರವಾಗಿರ್ಲಿ, ಎಣ್ಣೆಗಿಣ್ಣೆ ಬೇಡ. ನೀರಿಗೆ ಕೋಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು, ಉಪ್ಪು. ಬೆಂದಮೇಲೆ ಸೊಪ್ಪು ಹಾಕಿ ಇಳಿಸೋದು. ಅಷ್ಟೇ."

"ಎಷ್ಟೆಷ್ಟು?"

"ಅಂದಾಜು" ಎಂದು ಹೇಳಿ ಹೆಂಡತಿ ಬಸ್ಸಿಗೆ ಓಡಿದಳು.

ಅಂದಾಜು! ಕನ್ನಡಕಪ್ಪನ ಕಸುಬಿನಲ್ಲಿ ಆ ಪದವೇ ಇರಲಿಲ್ಲ. ಅಂದಾಜಿನ ಮೇಲೆ ಕನ್ನಡಕ ಮಾಡಿದರೆ ಊರಿನವರೆಲ್ಲ ಕಂಬಕ್ಕೆ ಡಿಕ್ಕಿ ಹೊಡೆಯುತ್ತಾರೆ.

ಮಕ್ಕಳನ್ನು ಪಕ್ಕದ ಮನೆಯ ಟೈಲರಕ್ಕನಿಗೆ ಒಪ್ಪಿಸಿ ಅವನು ಮಾರುಕಟ್ಟೆಗೆ ಹೋದ.

"ಯಾವುದಕ್ಕೆ ಬೇಕು ಚಿಕನ್ನು?" ಎಂದ ಕೋಳಿ ಅಂಗಡಿಯವನು.

"ನಮ್ಮತ್ತೆಗೆ."

"ಅತ್ತೆಗಾ? ಹಾಗಿದ್ರೆ ಬರೀ ಕತ್ತು, ಪಕ್ಕೆ ಹಾಕಿಬಿಡ್ಲಾ?"

"ಬೇಡಪ್ಪ, ಒಳ್ಳೆ ಭಾಗ ಕೊಡು. ತುಂಬ ಒಳ್ಳೆಯವರು."

ಕೋಳಿ ಅಂಗಡಿಯವನು ಕತ್ತಿ ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅಂಥ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಚರ್ಮ ತೆಗೆದು, ಕೊಬ್ಬು ತೆಗೆದು, ಒಂದು ಕಿಲೋ ಚೊಕ್ಕಟವಾಗಿ ಕೊಟ್ಟ. ಪಾಲಕ್ ಸೊಪ್ಪು ಎಷ್ಟು ಬೇಕೋ ಗೊತ್ತಾಗದೆ ಕನ್ನಡಕಪ್ಪ ಹನ್ನೆರಡು ಕಟ್ಟು ಕೊಂಡ. ತಬ್ಬಿಕೊಂಡು ಬರುವಾಗ ಬೀದಿಯಲ್ಲಿ ಒಂದು ಪೊದೆ ತಾನಾಗಿ ನಡೆದುಬಂದಂತೆ ಕಾಣುತ್ತಿತ್ತು.

ಮೊದಲಿಗೆ ಎಲ್ಲ ಸರಿಯಾಗಿಯೇ ನಡೆಯಿತು. ಅರ್ಧ ಕೋಳಿ ನೀರಿಗೆ ಬಿತ್ತು, ಉರಿ ಹೊತ್ತಿತು, ನೀರು ಕುದಿಯಿತು. ಅರ್ಧ ಗಂಟೆಯ ಮೇಲೆ ಹತ್ತು ಕಟ್ಟು ಸೊಪ್ಪನ್ನು ಪಾತ್ರೆಗೆ ತುರುಕಿದ. ಮುಚ್ಚಳ ಕೂರಲಿಲ್ಲ. ಸೊಪ್ಪಿನ ಗುಡ್ಡೆಯ ಮೇಲೆ ಅದು ಟೋಪಿಯಂತೆ ಓರೆಯಾಗಿ ನಿಂತಿತು. ಅಷ್ಟರಲ್ಲಿ ಟೈಲರಕ್ಕ ಮಕ್ಕಳನ್ನು ತಂದಳು. "ಚಿಕ್ಕದು ಅಳ್ತಾ ಇದೆ, ಅದನ್ನ ನೋಡಿ ದೊಡ್ಡದೂ ಶುರು ಮಾಡ್ತು." ದೊಡ್ಡದಕ್ಕೂ ಚಿಕ್ಕದಕ್ಕೂ ನಾಲ್ಕೇ ನಿಮಿಷದ ಅಂತರ.

ಅಳು ಕೇಳಿ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ಇಳಿದುಬಂದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಕೇಳದೆ ಒಳಗೆ ಬಂದು, ಕೇಳದೆ ಅಡುಗೆಮನೆಗೆ ಹೋದರು.

ಕನ್ನಡಕಪ್ಪ ಮಕ್ಕಳಿಗೆ ಹಾಲು ಕುಡಿಸಿ ಬಂದು ನೋಡಿದರೆ ಮುಚ್ಚಳ ಸೊಗಸಾಗಿ ಕೂತಿತ್ತು. ತೆರೆದ. ಗುಡ್ಡೆಯಷ್ಟಿದ್ದ ಸೊಪ್ಪು ಮಾಯ. ನೀರಿನಲ್ಲಿ ಒಂದು ಹಿಡಿ ಹಸಿರು ತೇಲುತ್ತಿತ್ತು.

"ಮೇಷ್ಟ್ರೇ, ಸೊಪ್ಪೆಲ್ಲಿ?"

"ಯಾವ ಸೊಪ್ಪಯ್ಯಾ?"

"ಇಲ್ಲಿತ್ತಲ್ಲ ಸಾರ್, ಹತ್ತು ಕಟ್ಟು!"

"ನಾನೇನು ಮೇಕೆಯೇನಯ್ಯಾ? ಬೆಂದ್ರೆ ಸೊಪ್ಪು ಕುಗ್ಗುತ್ತೆ. ಅಷ್ಟೂ ಗೊತ್ತಿಲ್ವ? ಮೆಣಸು ಹಾಕಿದೀಯಾ?"

ಹಾಕಿರಲಿಲ್ಲ. ಪಾತ್ರೆಯ ಮೇಲೆ ಬಗ್ಗಿದ್ದೇ ತಡ, ಹಬೆಗೆ ಕನ್ನಡಕ ಮಂಜಾಯಿತು. ಒರೆಸಿದ, ಮತ್ತೆ ಮಂಜಾಯಿತು. ತೆಗೆದಿಟ್ಟರೆ ಲೋಕವೇ ಮಂಜು. ಡಬ್ಬಿಯನ್ನು ತಡಕಾಡಿ ಹಿಡಿದು ಬಗ್ಗಿಸಿದ. ತೂತಿನ ಮುಚ್ಚಳ, ಅದರ ಹಿಂದೆ ಒಂದು ತಿಂಗಳ ಮೆಣಸಿನ ಪುಡಿ, ಎರಡೂ ಒಟ್ಟಿಗೇ ಪಾತ್ರೆಗೆ ಬಿದ್ದವು. ಮೇಲೆದ್ದ ಘಾಟಿಗೆ ಮೇಷ್ಟ್ರು ಸೀನಿದರು, ಟೈಲರಕ್ಕ ಸೀನಿದಳು, ಮಕ್ಕಳು ಜೋಡಿಯಾಗಿ ಸೀನಿದವು.

"ಅಯ್ಯೋ, ಎಲ್ಲರಿಗೂ ನನ್ನ ನೆಗಡಿ ಅಂಟ್ತಾ?" ಎಂದು ಕೋಣೆಯೊಳಗಿಂದ ಅತ್ತೆಯ ದನಿ ಬಂತು.

"ಇಲ್ಲ ಅತ್ತೆ, ನೀವು ಮಲಗಿ, ಸೂಪ್ ಆಗ್ತಾ ಇದೆ!"

"ನೀರು ಹಾಕು, ಖಾರ ಇಳಿಯುತ್ತೆ" ಎಂದರು ಮೇಷ್ಟ್ರು. ನೀರು ಹಾಕಿದ್ದಾಯಿತು. ಪಾತ್ರೆ ಸಾಲದೆ ದೊಡ್ಡ ಪಾತ್ರೆ ಬಂತು. "ಆಲೂಗಡ್ಡೆ ಖಾರ ಎಳಕೊಳ್ಳುತ್ತೆ" ಎಂದಳು ಟೈಲರಕ್ಕ. ಮೂರು ಆಲೂಗಡ್ಡೆ ಬಿದ್ದವು. "ಶಕ್ತಿ ಬೇಡ್ವೇನಯ್ಯಾ ಪೇಷಂಟಿಗೆ?" ಎಂದು ಮೇಷ್ಟ್ರು ಎರಡು ಮೊಟ್ಟೆ ಒಡೆದು ಹಾಕಿ, ಮೇಲಕ್ಕೆ ಓಡಿ ಒಂದು ಮುದ್ದೆ ಬೆಣ್ಣೆ ತಂದರು. "ಹಗುರವಾಗಿರ್ಬೇಕು ಸಾರ್" ಎಂದು ಕನ್ನಡಕಪ್ಪ ಅಂಗಲಾಚುವಷ್ಟರಲ್ಲಿ ಬೆಣ್ಣೆ ಕರಗಿಹೋಗಿತ್ತು. ಕುದಿದು ಕುದಿದು ನೀರು ಇಂಗಿದ ಮೇಲೆ ಸೌಟು ಹಾಕಿದರೆ ಸೌಟು ಬೀಳದೆ ನೆಟ್ಟಗೆ ನಿಂತಿತು. ಅದರಲ್ಲಿ ಗೋಡೆ ಕಟ್ಟಬಹುದಿತ್ತು.

ಆ ಹೊತ್ತಿಗೆ ಸರಿಯಾಗಿ ದೊಡ್ಡದು ಮಂಚದ ಅಂಚಿಗೆ ಉರುಳಿತು. ಮೂವರೂ ಹೌಹಾರಿ ಓಡಿದರು. ಮಗುವನ್ನು ಹಿಡಿದು, ಮುದ್ದಿಸಿ, ಯಾರು ನೋಡಿಕೊಳ್ಳಬೇಕಿತ್ತು ಎಂದು ಜಗಳವಾಡಿ ಮುಗಿಸುವುದರೊಳಗೆ ಅಡುಗೆಮನೆಯಿಂದ ಕಪ್ಪು ಹೊಗೆ ಬಂತು. ಸೂಪು ತಳ ಹಿಡಿದು ಇದ್ದಿಲಾಗಿತ್ತು.

ಕನ್ನಡಕಪ್ಪ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತ.

"ಐದು ತಿಂಗಳು ಅಕ್ಕಾ" ಎಂದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ದಿನಾ ನಾನು ಅಂಗಡಿಯಿಂದ ಬರೋ ಹೊತ್ತಿಗೆ ತಟ್ಟೆ ಹಾಕಿರ್ತಿದ್ರು. ನನಗೆ ಬದನೆಕಾಯಿ ಸೇರಲ್ಲ ಅಂತ ಒಂದು ದಿನಾನೂ ಮಾಡ್ಲಿಲ್ಲ. ಅವರಿಗೆ ಅದು ಪ್ರಾಣ. ಒಂದು ಬಟ್ಟಲು ಸೂಪು ಕೊಡೋ ಯೋಗ್ಯತೆ ಇಲ್ವಲ್ಲ ನನಗೆ!"

ಮೇಷ್ಟ್ರು ಸೀಟಿಯ ದಾರ ತಿರುಗಿಸುತ್ತ ನೆಲ ನೋಡಿದರು. ಟೈಲರಕ್ಕ ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಗೂಟಕ್ಕೆ ಹಾಕಿದಳು.

"ಏಳೋ ತಮ್ಮಾ. ಇನ್ನರ್ಧ ಕೋಳಿ ಇದೆ, ಎರಡು ಕಟ್ಟು ಸೊಪ್ಪಿದೆ. ಮೇಷ್ಟ್ರೇ, ನೀವು ಮಕ್ಕಳನ್ನ ನೋಡ್ಕೊಳ್ಳಿ. ನೀನು ಸೌಟು ಹಿಡ್ಕೊಂಡು ನನ್ನ ಪಕ್ಕ ನಿಂತ್ಕೋ. ಏನನ್ನೂ ಮುಟ್ಟಬೇಡ."

ಅವಳು ಕೋಳಿಯನ್ನು ತಣ್ಣೀರಿಗೆ ಹಾಕಿ ಸಣ್ಣ ಉರಿಯಲ್ಲಿಟ್ಟಳು. ಎದ್ದ ನೊರೆಯನ್ನು ಮೆಲ್ಲಗೆ ತೆಗೆದಳು. ಜಜ್ಜಿದ ಶುಂಠಿ, ನಾಲ್ಕೆಸಳು ಬೆಳ್ಳುಳ್ಳಿ, ತನ್ನ ಮನೆಯಿಂದ ತಂದ ಏಳು ಕಾಳು ಮೆಣಸು. ಮುಕ್ಕಾಲು ಗಂಟೆ ಕುದಿಯಲು ಬಿಟ್ಟು, ಕೋಳಿಯನ್ನು ಎತ್ತಿ ಮೂಳೆ ಬಿಡಿಸಿ, ಮಾಂಸವನ್ನು ಎಳೆ ಎಳೆಯಾಗಿ ಸೀಳಿ ಮತ್ತೆ ಹಾಕಿದಳು. ಉಪ್ಪು ನೋಡಿದಳು. ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿ ಎರಡೇ ನಿಮಿಷಕ್ಕೆ ಇಳಿಸಿ, ಮೇಲೆ ಅರ್ಧ ಹೋಳು ನಿಂಬೆ ಹಿಂಡಿದಳು. ಅತ್ತ ಮೇಷ್ಟ್ರು ಒಮ್ಮೆ ಸೀಟಿ ಊದಿದ್ದಕ್ಕೆ ಮಕ್ಕಳೆರಡೂ ಆಶ್ಚರ್ಯದಿಂದ ಅಳು ಮರೆತಿದ್ದವು. ಎರಡು ಹೆಗಲಿಗೆ ಎರಡನ್ನು ಹಾಕಿಕೊಂಡು ಎಡ, ಬಲ, ಎಡ, ಬಲ ಎಂದು ನಡುಮನೆಯಲ್ಲಿ ಕವಾಯತು ಮಾಡಿ ಮಲಗಿಸಿಬಿಟ್ಟರು.

ಮಧ್ಯಾಹ್ನ ಮೂರಕ್ಕೆ ಕನ್ನಡಕಪ್ಪ ಬಟ್ಟಲು ಹಿಡಿದು ಅತ್ತೆಯ ಕೋಣೆಗೆ ಹೋದ. ತಿಳಿಯಾದ ಬಿಸಿ ಸೂಪು, ಅದರಲ್ಲಿ ಎಳೆ ಹಸಿರು. ಅತ್ತೆ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು. ಮೂರನೆಯದಕ್ಕೆ ಮಫ್ಲರ್ ಬಿಚ್ಚಿದರು. ಬಟ್ಟಲು ಬರಿದು ಮಾಡಿ ಅವನ ಕೈಗಿತ್ತರು.

"ಕಟ್ಟಿದ್ದ ಎದೆ ಬಿಟ್ಟಹಾಗಾಯ್ತು. ಯಾರು ಮಾಡಿದ್ದು?"

ಅವನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ಮೇಷ್ಟ್ರು, "ಇನ್ಯಾರಮ್ಮ? ನಿಮ್ಮ ಅಳಿಯ! ಒಬ್ಬನೇ!" ಎಂದರು.

"ನಾವು ಸುಮ್ನೆ ನಿಂತು ನೋಡಿದ್ವಿ ಅಷ್ಟೇ" ಎಂದಳು ಟೈಲರಕ್ಕ. "ಆ ಕಡೆ ಮಕ್ಕಳು, ಈ ಕಡೆ ಒಲೆ. ಎರಡೂ ಕೈಯಲ್ಲಿ ಎರಡು ಕೆಲಸ."

ಅವನ ಅಳು ನೋಡಿ ಕರಗಿದ ಆ ಇಬ್ಬರು ಅವನ ಮರ್ಯಾದೆ ಉಳಿಸಲು ಹೊರಟಿದ್ದರು. ಕನ್ನಡಕಪ್ಪನಿಗೆ ಅವರ ಕಾಲಿಗೆ ಬೀಳುವಷ್ಟು ಋಣಭಾವ ಉಕ್ಕಿತು.

ಅತ್ತೆಯ ಕಣ್ಣು ತುಂಬಿಬಂತು. "ಒಳಗೆ ಮಲಗಿ ಪಾತ್ರೆ ಸದ್ದು ಕೇಳಿಸ್ಕೊಳ್ತಾ ಇದ್ದೆ ಅಳಿಯಂದ್ರೇ. ಮಕ್ಕಳ ಅಳು ನಿಂತಿದ್ದೂ ಕೇಳಿಸ್ತು. ದೊಡ್ಡ ಚಿಂತೆ ಇಳೀತು ನಂಗೆ. ಹೇಗಪ್ಪಾ ಹೇಳೋದು ಅಂತಿದ್ದೆ. ಚಿಕ್ಕ ಮಗಳು ಈಗ ಏಳು ತಿಂಗಳ ಬಸುರಿ. ಬಾ ಬಾ ಅಂತ ದಿನಾ ಫೋನು. ನಿಮ್ಮನ್ನ ಬಿಟ್ಟು ಹೇಗೆ ಹೋಗ್ಲಿ ಅಂತ ಸುಮ್ನಿದ್ದೆ. ಇನ್ನೇನು ಯೋಚನೆ ಇಲ್ಲ. ಭಾನುವಾರ ಹೊರಡ್ತೀನಿ."

ಕನ್ನಡಕಪ್ಪ ಬಟ್ಟಲನ್ನು ಮಂಚದ ಮೇಲಿಟ್ಟು ಎರಡೂ ಕೈ ಆಡಿಸಿದ.

"ಅತ್ತೆ, ಇಲ್ಲ! ನಾನಲ್ಲ ಮಾಡಿದ್ದು. ಸೂಪು ಅಕ್ಕ ಮಾಡಿದ್ದು. ಮಕ್ಕಳನ್ನ ಮಲಗಿಸಿದ್ದು ಮೇಷ್ಟ್ರು!"

"ನೋಡಿದ್ರಾ ಮೇಷ್ಟ್ರೇ, ಎಷ್ಟು ವಿನಯ!"

ಅವನು ಅಡುಗೆಮನೆಗೆ ಓಡಿ, ತಳ ಸುಟ್ಟ ದೊಡ್ಡ ಪಾತ್ರೆಯನ್ನು ಹೊತ್ತು ತಂದು ಅತ್ತೆಯ ಮುಂದಿಟ್ಟ. "ನಾನು ಮಾಡಿದ್ದು ಇದು!"

ಅತ್ತೆ ಪಾತ್ರೆಯನ್ನು ನೋಡಿದರು, ಅವನನ್ನು ನೋಡಿದರು, ಕಣ್ಣೊರೆಸಿಕೊಂಡರು. "ಮುಚ್ಚಿಡದೆ ತಂದು ತೋರಿಸ್ತಾರಲ್ಲ! ಮೊದಲನೇದು ಸುಟ್ಟುಹೋದ್ರೂ ಕೈಬಿಡದೆ ಇನ್ನೊಂದು ಮಾಡಿದಾರೆ. ಇಂಥ ಅಳಿಯ ಎಷ್ಟು ಜನಕ್ಕೆ ಸಿಗ್ತಾನೆ?"

ಮೇಷ್ಟ್ರೂ ಟೈಲರಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇವೆಂದು ಹೊರಟೇಹೋದರು.

ಸಂಜೆ ಆರಕ್ಕೆ ಹೆಂಡತಿ ಬಂದಳು. ಅಮ್ಮನಿಂದ ಎಲ್ಲ ಕೇಳಿ ಗಂಡನತ್ತ ತಿರುಗಿ, "ಯಾರ್ರೀ ನಿಮಗೆ ಅಷ್ಟು ಚೆನ್ನಾಗಿ ಮಾಡಕ್ಕೆ ಹೇಳಿದ್ದು?" ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

"ನೀನೂ ಅಳಬೇಡ ಕಣೇ" ಎಂದರು ಅತ್ತೆ. "ನಿಮ್ಮನ್ನ ಹಾಗೇ ಬಿಟ್ಟು ಹೋಗ್ತೀನಾ? ಚಿಕ್ಕ ಅಳಿಯನಿಗೆ ನೀರು ಕಾಯಿಸೋಕೂ ಬರಲ್ಲ. ಈಗಲೇ ಫೋನ್ ಮಾಡಿ ಹೇಳಿದೀನಿ. ನನ್ನ ಕರ್ಕೊಂಡು ಹೋಗೋಕೆ ಬರೋ ಕಾರಿನಲ್ಲೇ ಅವನು ಇಲ್ಲಿಗೆ ಬರ್ತಾನೆ. ಹದಿನೈದು ದಿನ ಇದ್ದು ನಿಮ್ಮ ಕೈಕೆಳಗೆ ಕಲೀತಾನೆ ಅಳಿಯಂದ್ರೇ. ಅಡುಗೆ, ಮಕ್ಕಳನ್ನ ನೋಡ್ಕೊಳ್ಳೋದು, ಎಲ್ಲಾ."

ಕನ್ನಡಕಪ್ಪ ಗೋಡೆಗೆ ಒರಗಿದ. ಹದಿನೈದು ದಿನ ಎಂದು ಬಂದವರು ಈ ಮನೆಯಲ್ಲಿ ಎಷ್ಟು ದಿನ ಇರುತ್ತಾರೆಂಬುದು ಅವನಿಗೆ ಗೊತ್ತಿತ್ತು.

ಹಾಗಿದ್ದೂ ಅವನಿಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಮೂಗು ಕೆಂಪಗಾಗಿ, ಮಫ್ಲರ್ ಮಡಚುತ್ತ, ಇನ್ನೊಬ್ಬ ಮಗಳ ಮನೆಯ ಕೆಲಸಕ್ಕೆ ಆಗಲೇ ಸೆರಗು ಸಿಕ್ಕಿಸುತ್ತಿದ್ದ ಆ ಹೆಂಗಸನ್ನು ನೋಡಿ, ಕೈ ಮುಗಿಯಬೇಕೆನಿಸಿತು. ಮುಗಿದೂಬಿಟ್ಟ. ಅತ್ತೆ, "ಅದ್ಯಾಕೆ ಅಳಿಯಂದ್ರೇ" ಎಂದು ಮುಖ ಆಚೆ ತಿರುಗಿಸಿಕೊಂಡರು.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಚಿಕ್ಕ ಅಳಿಯ, ಅವನ ಷಡ್ಡಕ.

"ಭಾವಾ! ಅತ್ತೆ ಎಲ್ಲಾ ಹೇಳಿದ್ರು. ಇನ್ಮೇಲೆ ನೀವೇ ನನ್ನ ಗುರು. ಬರ್ತಾ ಏನಾದ್ರೂ ತರಬೇಕಾ ಹೇಳಿ. ಚಾಕು, ಸೌಟು, ಪಾತ್ರೆ?"

"ಅದೆಲ್ಲ ಇದೆಯಪ್ಪ" ಎಂದ ಕನ್ನಡಕಪ್ಪ, ದನಿ ತಗ್ಗಿಸಿ. "ಅಡುಗೆ ಬರೋರು ಯಾರಾದ್ರೂ ಸಿಕ್ಕಿದ್ರೆ ಜೊತೆಗೆ ಕರ್ಕೊಂಡು ಬಾ."

ಆ ಕಡೆಯಿಂದ ಷಡ್ಡಕ ಗೊಳ್ಳೆಂದು ನಕ್ಕ. "ವಿನಯ ಅಂದ್ರೆ ನಿಮ್ಮದು ಭಾವಾ!" ಎಂದು ಫೋನ್ ಇಟ್ಟ.