ಹಿಮದ ಹಾಕಿ ವೀರರ ಮೇಲೆ ಬೆಲ್ಲದ ಪಾಕದ ತಕರಾರು

ದಾವಣಗೆರೆ, ೧೯೬೪

ಶೀತದೇಶದ ಹಿಮದ ಹಾಕಿ ಆಟಗಾರರಾದ, ಹೆಸರು ನನ್ನ ನಾಲಿಗೆಗೆ ತಿರುಗದ ಮಾನ್ಯರೇ,

ಮಂಜುಗಡ್ಡೆಯ ಮೇಲೆ ಜಾರುವ ತಮ್ಮ ಪಾದಗಳಿಗೆ, ಬಿಸಿಲಲ್ಲಿ ಬೇಯುತ್ತಿರುವ ಹತ್ತಿಗಿರಣಿ ಗುಮಾಸ್ತ ಉಜ್ಜನಪ್ಪನ ನಮಸ್ಕಾರಗಳು. ತಾವು ರಬ್ಬರಿನ ಬಿಲ್ಲೆಯನ್ನು ಕೋಲಿಗೆ ಅಂಟಿಸಿಕೊಂಡವರಂತೆ ಎತ್ತಿ, ಗೋಲಿನ ಹಿಂದಿನಿಂದ ಸುತ್ತಿ ಬಂದು ಒಳಗಿಳಿಸುತ್ತೀರೆಂದೂ, ಆ ವಿದ್ಯೆಯ ಮೂಲಪುರುಷರು ತಾವೇ ಎಂದೂ ವಾಚನಾಲಯದ ಪತ್ರಿಕೆಯಲ್ಲಿ ಓದಿ ನನ್ನ ಹೊಟ್ಟೆ ಉರಿಯಿತು. ಸ್ವಾಮೀ, ಆ ಮೂಲಪುರುಷ ನಾನು. ಆರು ವರ್ಷದಿಂದ ಊರೆಲ್ಲ ನಗುತ್ತಿರುವುದು ನನ್ನನ್ನು ನೋಡಿ. ಕೀರ್ತಿ ಮಾತ್ರ ತಮಗೆಂದರೆ ಯಾವ ನ್ಯಾಯ?

ಆರು ವರ್ಷದ ಹಿಂದಿನ ಆಯುಧಪೂಜೆಗೆ ನನ್ನ ಮನೆಯಾಕೆ ಸರ್ವಮಂಗಳಮ್ಮ ಕುಡುಗೋಲು, ಈಳಿಗೆಮಣೆಗಳ ಪಕ್ಕದಲ್ಲಿ ನನ್ನ ಹಾಕಿ ಕೋಲನ್ನೂ ಇಟ್ಟು ವಿಭೂತಿ ಹಚ್ಚಿದಳು. ಆಯುಧಕ್ಕೆ ಎಡೆ ಕೊಡಬೇಕಲ್ಲ! ಕೋಲಿನ ಬಾಯಿ ಎಲ್ಲಿದೆಯೆಂದು ತಿಳಿಯದೆ, ಮಂಡಕ್ಕಿ ಉಂಡೆಗೆಂದು ಕಾಸಿದ್ದ ಬೆಲ್ಲದ ಪಾಕವನ್ನು ಡೊಂಕು ತುದಿಗೆ ಧಾರಾಳವಾಗಿ ಬಳಿದಳು. ಪೂಜೆಯಾದದ್ದನ್ನು ಒರೆಸುವಂತಿಲ್ಲ. ಮರುದಿನ ಹರಿಹರದವರ ಮೇಲೆ ಪಂದ್ಯ. ಬಿಸಿಲಿಗೆ ಪಾಕ ಕರಗಿ ಅಂಟಾಗಿ, ನಾನು ತಡೆದ ಮೊದಲ ಚೆಂಡೇ ಕೋಲಿಗೆ ಕಚ್ಚಿಕೊಂಡಿತು.

ಕೊಡವಿದೆ, ಬಿಡಲಿಲ್ಲ. ಕಿತ್ತುಕೊಡಲೆಂದು ನಮ್ಮದೇ ಗೋಲು ಕಾಯುವ ಖುದ್ದೂಸನ ಬಳಿಗೆ ಓಡಿದೆ. ‘ಬ್ಯಾಡ್ರೀ, ಈ ಕಡೆ ಬರಬ್ಯಾಡ್ರೀ!’ ಎಂದು ಅವನು ಬಾಯಿ ಬಡಿದುಕೊಳ್ಳುತ್ತಿದ್ದಂತೆ ಗೋಲಿನ ಹಿಂದಿನಿಂದ ಸುತ್ತಿ ಬಂದು ಇನ್ನೊಮ್ಮೆ ಕೊಡವಿದೆ. ಆಗ ಬಿಟ್ಟಿತು ನೋಡಿ, ನೆಟ್ಟಗೆ ನಮ್ಮ ಗೋಲಿನೊಳಕ್ಕೆ. ನಿಯಮದಲ್ಲಿ ಇಂಥದ್ದಕ್ಕೆ ಜಾಗವಿಲ್ಲವೆಂದು ನಾನು ಎಷ್ಟು ಗೋಗರೆದರೂ ಅಂಪೈರ್ ಹಿದಾಯತ್ ಸಾಹೇಬರು ‘ಒಳಗೆ ಬಿದ್ದೈತೆ, ಗೋಲೇ ಐತ್ರೀ’ ಎಂದು ಸೀಟಿ ಊದಿದರು. ಆ ಒಂದೇ ಗೋಲಿನಿಂದ ಗೆದ್ದ ಹರಿಹರದವರು ಹಾರ ಹಾಕಿದ್ದೂ ನನಗೇ.

ಅಂದಿನಿಂದ ನಮ್ಮ ತಂಡ ನನ್ನನ್ನು ಮೈದಾನಕ್ಕೆ ಇಳಿಸಿಲ್ಲ. ಆಡಬೇಕೆಂದು ಜೀವ ಒದ್ದಾಡುತ್ತದೆ, ಮಾನ್ಯರೇ. ಆದ್ದರಿಂದ ಮೂಲಪುರುಷ ಉಜ್ಜನಪ್ಪನೇ ಎಂದು ತಾವು ಎರಡು ಸಾಲು ಬರೆದು, ಜೊತೆಗೆ ನಮ್ಮ ಮೈದಾನಕ್ಕೆ ಹಾಸುವಷ್ಟು ಮಂಜುಗಡ್ಡೆಯನ್ನೂ ಕರಗದಂತೆ ಕಳಿಸಿದರೆ, ಈ ದಸರೆಯ ಪಂದ್ಯಕ್ಕಾದರೂ ಸೇರಿಸಿಕೊಂಡಾರು. ಮನೆಯಾಕೆಯ ಮೇಲೆ ನನಗೆ ಸಿಟ್ಟಿಲ್ಲ. ಅಂದು ದೇವರಲ್ಲಿ ಏನು ಬೇಡಿದೆ ಎಂದು ಅವಳನ್ನು ಕೇಳಿದ್ದಕ್ಕೆ, ‘ಚೆಂಡು ನಿಮ್ಮ ಕೋಲು ಬಿಟ್ಟು ಹೋಗಬಾರ್ದು ಅಂತ ಬೇಡ್ಕಂಡಿದ್ದೆ’ ಎಂದಳು. ದೇವರು ಅಕ್ಷರಶಃ ನಡೆಸಿಕೊಟ್ಟ.

ಜಾರಲೂ ಬಾರದ, ಬಿಡಿಸಿಕೊಳ್ಳಲೂ ಬಾರದ
ತಮ್ಮ ವಿಶ್ವಾಸಿ,
ಉಜ್ಜನಪ್ಪ

ತಾ.ಕ.: ತಮ್ಮ ಉತ್ತರ ತಡವಾದರೂ ಚಿಂತೆಯಿಲ್ಲ. ಈ ಸಲ ಹರಿಹರದವರ ಕೋಲುಗಳಿಗೂ ನಮ್ಮ ಮನೆಯಲ್ಲೇ ಪೂಜೆಯೆಂದು ಅತಿ ವಿನಯದಿಂದ ಹೇಳಿಕಳಿಸಿದ್ದೆ. ಹನ್ನೊಂದೂ ಬಂದಿವೆ; ಪಾಕ ಒಲೆಯ ಮೇಲಿದೆ.